ಮಡುವಿನ ತಳ ಕಂಡ ಭಾನುವಾರ

ಹುಣಸೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಗುರುಮಲ್ಲಪ್ಪನಿಗೆ ಈಜು ಬರುತ್ತಿರಲಿಲ್ಲ. ಆದರೂ ಲಕ್ಷ್ಮಣತೀರ್ಥ ಹೊಳೆಯ ತಳಕ್ಕೆ ಇಳಿಯಲು ಗೆಳೆಯರು ಆರಿಸಿದ್ದು ಅವನನ್ನೇ. ಕಾರಣ, ಅವನ ಮೈತೂಕ.

ಇದೆಲ್ಲ ಶುರುವಾದದ್ದು ಸೈಕಲ್ ಶಾಪಿನ ಶಿವನಂಜಪ್ಪನಿಂದ. ಮೈಸೂರಿಗೆ ಹೋಗಿದ್ದಾಗ ಅವನು ಟಾಕೀಸಿನಲ್ಲಿ, ಸಿನಿಮಾಕ್ಕೆ ಮುಂಚೆ ತೋರಿಸುವ ಸುದ್ದಿಚಿತ್ರದಲ್ಲಿ, ಬಿಳಿ ಜನ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಗೆ ಮೀನುಗಳ ಜೊತೆ ಅಡ್ಡಾಡುವುದನ್ನು ಕಂಡ. ಸಿನಿಮಾದಲ್ಲಿ ಆಮೇಲೆ ಏನಾಯಿತೋ ಅವನಿಗೆ ತಿಳಿಯಲಿಲ್ಲ. ಊರಿಗೆ ಬಂದವನೇ ಒಂದು ಸೀಮೆಎಣ್ಣೆ ಡಬ್ಬ ತಂದು ಅದರ ತಳ ಕತ್ತರಿಸಿ, ಹೆಗಲ ಮೇಲೆ ಕೂರುವ ಹಾಗೆ ಎರಡು ಕಡೆ ಕೊರೆದು, ಮುಖದ ನೇರಕ್ಕೆ ಗಾಜಿನ ಚೂರು ಕೂರಿಸಿ, ಸುತ್ತ ಡಾಂಬರು ಮೆತ್ತಿದ. ನೆತ್ತಿಯ ಮೇಲಿನ ತೂತಿನಿಂದ ಹಳೆಯ ಸೈಕಲ್ ಟ್ಯೂಬುಗಳನ್ನು ಒಂದಕ್ಕೊಂದು ಅಂಟಿಸಿದ ಉದ್ದನೆಯ ಕೊಳವೆ ಹೊರಟು ಲಾರಿ ಟಯರಿಗೆ ಗಾಳಿ ಹೊಡೆಯುವ ಪಂಪಿಗೆ ಸೇರಿತು.

"ಇದು ತಡೀತದೇನ್ಲಾ?" ಎಂದು ಗುರುಮಲ್ಲಪ್ಪ ಕೇಳಿದ್ದಕ್ಕೆ ಶಿವನಂಜಪ್ಪನಿಗೆ ಕೋಪವೇ ಬಂತು.

"ಪಂಕ್ಚರ್ ಅಂಟಿಸೋನಿಗೆ ಗಾಳಿ ವಿಸ್ಯ ಯೋಳ್ಕೊಡ್ತೀಯಾ? ಗಾಳಿ ಮ್ಯಾಲಿಂದ ಒಳಕ್ ಬತ್ತದೆ, ಎಚ್ಚಾಗಿದ್ದು ಕೆಳಗಿಂದ ಗುಳುಗುಳು ಅಂತ ಓಯ್ತದೆ. ನೀನು ಆರಾಮಾಗಿ ಉಸ್ರಾಡ್ಕೊಂಡು ಮೀನು ನೋಡು."

"ನಾನಾ?"

"ಇನ್ಯಾರು? ನಂಜಣ್ಣನ್ನ ಇಳಿಸಿದ್ರೆ ಒಣಗಿದ ಸೋರೆಬುರುಡೆ ಅಂಗೆ ತೇಲ್ತಾನೆ. ನೀನಾದ್ರೆ ಉಪ್ಪಿನ ಮೂಟೆ ಕಣ್ಲಾ, ಸೀದಾ ತಳಕ್ಕೆ."

ಬಸ್ ಕಂಡಕ್ಟರ್ ನಂಜಣ್ಣ ಪಕ್ಕದಲ್ಲೇ ನಿಂತು, ಅಡಿಗೆ ತನ್ನದು, ಬಸ್ಸಿನ ಟಾಪಿನ ಮೇಲೆ ಸಾಮಾನು ಸಾಗಿಸುವುದೂ ತನ್ನದು ಎಂದು ಆಗಲೇ ಒಪ್ಪಿಕೊಂಡಿದ್ದ. ಹಾಗಾಗಿ ಗುರುಮಲ್ಲಪ್ಪನಿಗೆ ಉಳಿದದ್ದು ಮುಳುಗುವ ಕೆಲಸ ಒಂದೇ.

ಅವನಿಗೆ ನೀರಿಗಿಂತ ದೊಡ್ಡ ಭಯ ಬೇರೆ ಇತ್ತು. ಗೆಳೆಯರು ಗೊತ್ತುಮಾಡಿದ ಮಡು ಹನಗೋಡಿನ ಹತ್ತಿರ. ಹನಗೋಡು ಅವನ ಹೆಂಡತಿ ನೀಲಾಂಬಿಕೆಯ ತವರು. ಅಲ್ಲಿ ಅವನ ಅತ್ತೆ ವೀರಮ್ಮನವರು, ಮಾವ ತೀರಿಕೊಂಡ ಮೇಲೆ ಹೊಲಮನೆಗಳನ್ನೆಲ್ಲ ಒಬ್ಬರೇ ನೋಡಿಕೊಂಡು ಇದ್ದರು. ಊರಿನ ಗಂಡಸರೆಲ್ಲ ಅವರ ಗಂಟಲಿಗೆ ಹೆದರುತ್ತಿದ್ದರು. ಅಳಿಯನ ಮುಂದೆ ಮಾತ್ರ ಅವರು ಬರುತ್ತಲೇ ಇರಲಿಲ್ಲ. ಮದುವೆಯಾದಾಗಿನಿಂದ ಅಡಿಗೆಮನೆ ಬಾಗಿಲ ಹಿಂದೆ ನಿಂತು, "ಅಳಿದೇವ್ರಿಗೆ ಇನ್ನೊಂದು ರೊಟ್ಟಿ ಆಕು," ಎಂದು ಮಗಳಿಗೆ ಹೇಳುವ ದನಿಯಷ್ಟೇ ಗುರುಮಲ್ಲಪ್ಪನಿಗೆ ಗೊತ್ತು. ಆ ದನಿ ಕೇಳಿದರೇ ಅವನು ನೆಟ್ಟಗೆ ಕೂರುತ್ತಿದ್ದ. ಸೀಮೆಎಣ್ಣೆ ಡಬ್ಬದೊಳಗೆ ತಲೆ ಇಟ್ಟು ಹೊಳೆಗಿಳಿದ ಸುದ್ದಿ ಅವರ ಕಿವಿಗೆ ಬಿದ್ದರೆ ಗತಿಯೇನು? ಮನೆಯಲ್ಲಿ ಪಿರಿಯಾಪಟ್ಟಣಕ್ಕೆ ಎತ್ತು ನೋಡಲು ಹೋಗುತ್ತೇನೆಂದು ಸುಳ್ಳು ಹೇಳಿ ಹೊರಟ.

ಸುಗ್ಗಿ ಮುಗಿದ ಕಾಲ. ಹೊಳೆ ತಿಳಿಯಾಗಿ, ಸೋಮಾರಿಯಾಗಿ ಹರಿಯುತ್ತಿತ್ತು. ಊರವರ ಕಣ್ಣಿಗೆ ಬೀಳದ ಹಾಗೆ, ಹೊಳೆ ತಿರುಗುವ ಕಡೆ ಹೊಂಗೆಮರಗಳ ಕೆಳಗೆ ಮೂವರೂ ಬಿಡಾರ ಹೂಡಿದರು. ನಂಜಣ್ಣ ಮೂರು ಕಲ್ಲಿಟ್ಟು ಒಲೆ ಹೂಡಿದ. ಗುರುಮಲ್ಲಪ್ಪ ಪಟ್ಟೆ ಚಡ್ಡಿಯಲ್ಲಿ ನಿಂತು ಡಬ್ಬ ಹೊತ್ತುಕೊಂಡ. ಶಿವನಂಜಪ್ಪ ಅವನ ಸೊಂಟಕ್ಕೆ ಹಗ್ಗ ಬಿಗಿದು ಪಾಠ ಹೇಳಿದ.

"ಒಂದ್ ಕಿತ ಜಗ್ಗಿದ್ರೆ ಗಾಳಿ ಸಾಲ್ದು ಅಂತ. ಎಲ್ಡು ಕಿತ ಜಗ್ಗಿದ್ರೆ ಮ್ಯಾಕೆ ಎಳೀರಿ ಅಂತ. ಮರ್ತೀಯ!"

ಡಬ್ಬದೊಳಗಿನಿಂದ ಒಂದು ಗೊರಗೊರ ಸದ್ದು ಬಂತು. ಅದನ್ನು ಒಪ್ಪಿಗೆಯೆಂದು ತಿಳಿದು ತಳ್ಳಿದರು.

ಉಪ್ಪಿನ ಮೂಟೆ ಮುಳುಗಲಿಲ್ಲ. ಗುರುಮಲ್ಲಪ್ಪ ಬೆಂಡಿನಂತೆ ತೇಲಿದ. ಶಿವನಂಜಪ್ಪ ಅವಮಾನವಾದವನಂತೆ ನೋಡಿ, ಒಂದು ಗೋಣಿಚೀಲಕ್ಕೆ ಕಲ್ಲು ತುಂಬಿ ಸೊಂಟಕ್ಕೆ ಕಟ್ಟಿದ. ಮೊಣಕಾಲು ಮುಳುಗಿತು, ಹೊಟ್ಟೆ ತೇಲಿತು. ಇನ್ನೊಂದು ಚೀಲ ಕಟ್ಟಿದ ಮೇಲೆ ಮೊದಲು ಗುರುಮಲ್ಲಪ್ಪ, ಅವನ ಹಿಂದೆ ಡಬ್ಬ ನೀರೊಳಗೆ ಇಳಿದುಹೋಯಿತು.

ತಳಕ್ಕೆ ಕಾಲು ತಾಗಿದಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ಸ್ವಲ್ಪ ಹೊತ್ತಾದರೂ ಸಾಯಲಿಲ್ಲವಾದ್ದರಿಂದ ಒಂದು ಕಣ್ಣು ಬಿಟ್ಟ, ಆಮೇಲೆ ಇನ್ನೊಂದು. ಹಸಿರು ಬೆಳಕು. ಮರಳಿನ ಮೇಲೆ ಬಿಸಿಲು ಬಲೆ ಹಾಸಿದ ಹಾಗೆ ಅಲುಗಾಡುತ್ತಿತ್ತು. ಬೆರಳುದ್ದದ ಮೀನುಗಳ ಹಿಂಡೊಂದು ಬಂದು ಗಾಜಿನ ಮುಂದೆ ಸಾಲಾಗಿ ನಿಂತಿತು, ಅಂಗಡಿ ಬಾಗಿಲು ತೆರೆಯುವುದನ್ನು ಕಾಯುವ ಗಿರಾಕಿಗಳ ಹಾಗೆ. ಆದರೆ ಇವು ಏನನ್ನೂ ಕೇಳಲಿಲ್ಲ. ಬಂಡೆಯ ಸಂದಿನಿಂದ ತೋಳುದ್ದದ ಮೀನೊಂದು ಮೀಸೆ ಅಲ್ಲಾಡಿಸುತ್ತಾ ಹೊರಬಂದು ಅವನನ್ನು ನೋಡಿ, ಅಸಡ್ಡೆಯಿಂದ ತಿರುಗಿ ಒಳಗೆ ಹೋಯಿತು. ಗುರುಮಲ್ಲಪ್ಪನಿಗೆ ಇಷ್ಟು ಸುಖ ಎಂದೂ ಆಗಿರಲಿಲ್ಲ. ಡಬ್ಬದೊಳಗೇ ನಕ್ಕ.

ಆ ಹೊತ್ತಿಗೆ ಮೇಲೆ ನಂಜಣ್ಣ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದ. ಕೈ ಧಾರಾಳ ಅವನದು. ಹಿಡಿ ತುಂಬ ಒಣಮೆಣಸಿನಕಾಯಿ ಕಾದ ಎಣ್ಣೆಗೆ ಬಿತ್ತು. ಗಾಳಿ ಹೊಳೆಯ ಕಡೆಗೆ ತಿರುಗಿತು. ಒಲೆಯ ಹೊಗೆಯೆಲ್ಲ ಪಂಪಿನ ಸುತ್ತ ಕವಿಯಿತು. ಶಿವನಂಜಪ್ಪ ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಶ್ರದ್ಧೆಯಿಂದ ಆ ಹೊಗೆಯನ್ನೇ ಒತ್ತಿ ಒತ್ತಿ ಕೆಳಗೆ ಕಳಿಸಿದ.

ಗುರುಮಲ್ಲಪ್ಪ ಒಂದು ಸೀನು ಸೀನಿದ. ಡಬ್ಬದೊಳಗೆ ಅದು ಫಿರಂಗಿಯಂತೆ ಗುಡುಗಿತು. ಮೀನಿನ ಹಿಂಡು ಮಾಯವಾಯಿತು. ಕಣ್ಣು ಉರಿಯಿತು, ಗಂಟಲು ಕಟ್ಟಿತು. ಹಗ್ಗ ಜಗ್ಗಿದ. ಎರಡನೆಯ ಸಲ ಜಗ್ಗುವ ಮೊದಲೇ ಮತ್ತೊಂದು ಸೀನು ಬಂತು.

"ಗಾಳಿ ಸಾಲ್ದಂತೆ ಕಣೋ!" ಎಂದ ಶಿವನಂಜಪ್ಪ, ಇನ್ನೂ ಜೋರಾಗಿ ಪಂಪು ಹೊಡೆದ.

ಕೆಳಗೆ ಪುನಃ ಒಂದು ಜಗ್ಗು, ಒಂದು ಸೀನು.

"ಇನ್ನೂ ಸಾಲ್ದಂತೆ! ಏನು ಪುಪ್ಪುಸಾನ್ಲಾ ಇವನ್ದು?"

ಕೊನೆಗೆ ಗುರುಮಲ್ಲಪ್ಪ ಹಗ್ಗದ ಆಸೆ ಬಿಟ್ಟು ಸೊಂಟದ ಗಂಟುಗಳನ್ನೆಲ್ಲ ಕಿತ್ತೆಳೆದ. ಕಲ್ಲಿನ ಚೀಲಗಳು ಉಳಿದವು, ಹಗ್ಗ ಉಳಿಯಿತು, ಕೊಳವೆ ಕಳಚಿತು. ಅವನು ಮಾತ್ರ ಮೇಲಕ್ಕೆ ನೆಗೆದು, ಡಬ್ಬದ ಸಮೇತ ತಿರುವಿನಾಚೆಗೆ ತೇಲಿಹೋದ.

ತಿರುವಿನಾಚೆ ಹೆಂಗಸರು ಬಟ್ಟೆ ಒಗೆಯುವ ಸೋಪಾನವಿತ್ತು. ಅಲ್ಲಿ ವೀರಮ್ಮನವರೂ ನೆರೆಮನೆ ಚೆಲುವಮ್ಮನೂ ಜಮಖಾನ ಒಗೆದು, ಎರಡು ತುದಿ ಹಿಡಿದು ಹಿಂಡುತ್ತಿದ್ದರು. ನೀರಿನಿಂದ ತಗಡಿನ ತಲೆಯೊಂದು ಎದ್ದಿತು. ಅದಕ್ಕೆ ಗಾಜಿನ ಒಂಟಿ ಕಣ್ಣು. ಅದು ಘರ್ಜಿಸುತ್ತಾ ಮೆಟ್ಟಿಲು ಹತ್ತಿತು.

"ಯವ್ವಾ! ಕೆಟ್ಟೆ!" ಎಂದು ಚೆಲುವಮ್ಮ ಊರ ಕಡೆ ಓಡಿದಳು.

ವೀರಮ್ಮನವರು ಓಡುವ ಜಾತಿಯವರಲ್ಲ. ಹಿಂಡಿದ ಜಮಖಾನವನ್ನು ಎರಡು ಕೈಯಲ್ಲಿ ಎತ್ತಿ ಆ ತಲೆಯ ಮೇಲೆ ಬಾರಿಸಿದರು. ಇನ್ನೊಂದು ಬಾರಿಸಿದರು. ಮೂರನೆಯದಕ್ಕೆ ಎತ್ತಿದ ಕೈ ನಡುವೆಯೇ ನಿಂತಿತು. ಎದುರಿನ ಭೂತದ ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ ಹೊಳೆಯುತ್ತಿತ್ತು. ಮದುವೆಯಲ್ಲಿ ತಮ್ಮ ಮನೆಯಿಂದಲೇ ಕೊಟ್ಟದ್ದು.

ಗುರುಮಲ್ಲಪ್ಪ ಡಬ್ಬ ತೆಗೆದ. ಇಬ್ಬರೂ ಒಂದು ಕ್ಷಣ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ವೀರಮ್ಮನವರು ಸರಕ್ಕನೆ ಸೆರಗು ಹೊದ್ದು, ಬೆನ್ನು ತಿರುಗಿಸಿ, ದಡದ ಹೊಂಗೆಮರದ ಜೊತೆ ಮಾತಾಡಿದರು.

"ಅಳಿದೇವ್ರಿಗೆ ಪೆಟ್ಟು ಬಿತ್ತಾ ಕೇಳು."

ಗುರುಮಲ್ಲಪ್ಪನೂ ಮರಕ್ಕೇ ಹೇಳಿದ: "ಇಲ್ಲ ಅನ್ನು. ಜಮಖಾನ ಬಲು ಮೆತ್ತಗೈತೆ ಅನ್ನು."

"ಅದನ್ಯಾಕೆ ತಲ್ಗೆ ಆಕ್ಕೊಂಡವ್ರೆ ಕೇಳು."

ಅಷ್ಟರಲ್ಲಿ ಶಿವನಂಜಪ್ಪ, ನಂಜಣ್ಣ ಇಬ್ಬರೂ ಏದುಸಿರು ಬಿಡುತ್ತಾ ಓಡಿಬಂದರು. ಬದುಕಿದ್ದ ಗೆಳೆಯನನ್ನು ಕಂಡು ಬೈದರು, ವೀರಮ್ಮನವರನ್ನು ಕಂಡು ತಣ್ಣಗಾದರು. ಶಿವನಂಜಪ್ಪ ತೊದಲುತ್ತಾ ಎಲ್ಲವನ್ನೂ ವಿವರಿಸಿದ.

"ಉಸಿರು ಕಟ್ಟೋದಿಲ್ವಾ?" ಎಂದು ವೀರಮ್ಮನವರ ಬೆನ್ನು ಕೇಳಿತು.

"ಇಲ್ಲ ಕಣವ್ವ. ಒಗ್ಗರಣೆ ಆಕ್ದೆ ಇದ್ರೆ," ಎಂದ ಶಿವನಂಜಪ್ಪ.

"ತಳದಲ್ಲಿ ಏನೈತೆ?"

ಗುರುಮಲ್ಲಪ್ಪ ಹೇಳಿದ. ಬೆಳಕು, ಮರಳು, ಮೀನಿನ ಸಾಲು, ಮೀಸೆಯ ಮೀನು. ಹೇಳುತ್ತಾ ಹೇಳುತ್ತಾ ಮರವನ್ನು ಮರೆತ. ವೀರಮ್ಮನವರು ನಿಧಾನವಾಗಿ ಈ ಕಡೆ ತಿರುಗಿದರು.

"ಸೊಸೆಯಾಗಿ ಬಂದ ದಿನದಿಂದ ಈ ನೀರಲ್ಲೇ ಒಗೀತೀನಿ, ಈ ನೀರೇ ಒರ್ತೀನಿ. ತಳ ಒಂದು ಕಂಡಿಲ್ಲ. ತವರ್ನಾಗೆ ಈಜೋಳು ನಾನು. ಇಲ್ಲಿಗೆ ಬಂದ್ಮ್ಯಾಲೆ ಅತ್ತೆ ಬುಡ್ನಿಲ್ಲ." ಕೈ ಚಾಚಿ, "ಆ ಡಬ್ಬ ಇತ್ಲಾಗ್ ಕೊಡಿ," ಎಂದರು.

ಬೇಡವೆನ್ನುವ ಧೈರ್ಯ ಮೂವರಲ್ಲಿ ಯಾರಿಗೂ ಇರಲಿಲ್ಲ.

ಮಡುವಿಗೆ ಮರಳಿ, ಮೊದಲು ಒಲೆಗೆ ನೀರು ಸುರಿದರು. ಕಳಚಿದ ಕೊಳವೆಯನ್ನು ಶಿವನಂಜಪ್ಪ ತಂತಿ ಸುತ್ತಿ ಬಿಗಿದ. ವೀರಮ್ಮನವರು ಸೀರೆಗೆ ಕಚ್ಚೆ ಹಾಕಿ, ಬೇರೆ ಕಲ್ಲಿನ ಚೀಲ ಕಟ್ಟಿಸಿಕೊಂಡು, ಮೆಟ್ಟಿಲಿಳಿಯುವವರಂತೆ ನೀರಿಗಿಳಿದರು. ಪಂಪನ್ನು ಗುರುಮಲ್ಲಪ್ಪ ಬೇರೆಯವರ ಕೈಗೆ ಕೊಡಲಿಲ್ಲ. ನೀಲಾಂಬಿಕೆಗೆ ಏನೆಂದು ಉತ್ತರ ಹೇಳುವುದು ಎಂದು ನೆನೆದಷ್ಟೂ ಅವನ ಕೈ ಚುರುಕಾಯಿತು.

ಹಗ್ಗ ಒಂದು ಸಲ ಜಗ್ಗಿತು. ಇನ್ನಷ್ಟು ಹೊಡೆದ. ಬಹಳ ಹೊತ್ತಿನ ಮೇಲೆ ಇನ್ನೊಂದು ಜಗ್ಗು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಮೇಲಕ್ಕೆಳೆಯಿರಿ ಎನ್ನುವ ಜೋಡಿ ಜಗ್ಗು ಮಾತ್ರ ಬರಲೇ ಇಲ್ಲ.

"ಸಾಕು, ಎಳೀರ್ಲಾ!" ಎಂದು ಗುರುಮಲ್ಲಪ್ಪ ಹೆದರಿ ಕೂಗಿದ.

ನಂಜಣ್ಣನೂ ಶಿವನಂಜಪ್ಪನೂ ಎಳೆದರು. ಹಗ್ಗ ಸಿಟ್ಟಿನಿಂದ ಮೂರು ಸಲ ಜಗ್ಗಿತು. ಅದಕ್ಕೆ ಏನರ್ಥವೆಂದು ಗೊತ್ತು ಮಾಡಿರಲಿಲ್ಲವಾದ್ದರಿಂದ ಎಳೆಯುತ್ತಲೇ ಹೋದರು. ವೀರಮ್ಮನವರು ದಡಕ್ಕೆ ಬಂದವರೇ ಡಬ್ಬ ಕಿತ್ತು, ನೇರ ಅಳಿಯನ ಮುಖಕ್ಕೆ ಮುಖ ಕೊಟ್ಟರು.

"ಯಾರ್ರೀ ಎಳೀರಿ ಅಂದೋರು? ಮೀಸೆ ಮೀನು ಈಗ್ತಾನೆ ಆಚೀಕ್ ಬತ್ತಿತ್ತು!"

"ತಪ್ಪಾಯ್ತು ಅತ್ತೆಮ್ಮ."

"ಕರೀದಾ, ಕಂದುದಾ?"

"ಕಂದು."

"ಕರೀದು ಕಣ್ರೀ. ನೀವು ಒಗ್ಗರಣೆ ಕಣ್ಣಲ್ಲಿ ನೋಡಿದ್ದೀರಿ."

ಸಂಜೆ ಬಸ್ಸಿನ ತನಕ ಆ ಮಾತು ಮುಗಿಯಲಿಲ್ಲ. ತಮ್ಮ ಮನೆಯ ಜಗಲಿಯಲ್ಲಿ ವೀರಮ್ಮನವರೇ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದು ಬಡಿಸಿ, ಎದುರಿಗೇ ಕುಳಿತು ಬಂಡೆ ಎಷ್ಟು ಅಗಲ, ಮರಳು ಎಲ್ಲಿ ಮುಗಿಯುತ್ತದೆ ಎಂದು ನೆಲದ ಮೇಲೆ ಬೆರಳಿಂದ ಗೆರೆ ಎಳೆದರು. ಗುರುಮಲ್ಲಪ್ಪ ಅದನ್ನು ಅಳಿಸಿ ತನ್ನ ಗೆರೆ ಎಳೆದ. ತಳ ಕಾಣದ ಇಬ್ಬರು ಗೆಳೆಯರು ಸುಮ್ಮನೆ ಕೂತು ರೊಟ್ಟಿ ತಿಂದರು.

ಮುಂದಿನ ವಾರ ಹುಣಸೂರಿನಲ್ಲಿ ಮನೆ ಬಾಗಿಲಿಗೆ ಬಂದ ತಾಯಿಯನ್ನು ಕಂಡು ನೀಲಾಂಬಿಕೆಗೆ ಆಶ್ಚರ್ಯ. ಅವರ ಹಿಂದೆ ನಂಜಣ್ಣ ಬಸ್ಸಿನಿಂದಿಳಿಸಿದ ತಾಮ್ರದ ಹಂಡೆಯೊಂದನ್ನು ಹೊತ್ತು ತಂದ. ಅಜ್ಜಿಯ ಕಾಲದ ಹಂಡೆ. ನೀಲಾಂಬಿಕೆ ಎಷ್ಟು ಸಲ ಕೇಳಿದರೂ ತಾಯಿ ಕೊಟ್ಟಿರಲಿಲ್ಲ.

"ಅವ್ವಾ, ನನಗೇನವ್ವಾ?" ಎಂದು ಅವಳು ಹಿಗ್ಗಿದಳು.

"ನಿಂಗಲ್ಲ ಬುಡು," ಎಂದರು ವೀರಮ್ಮನವರು. ಅಳಿಯನ ಕಡೆ ತಿರುಗಿ ಹೇಳಿದರು: "ತಗಡು ತುಕ್ಕು ಇಡೀತದೆ. ಶಿವನಂಜಪ್ಪಂಗೆ ಯೋಳಿ ಇದನ್ನ ಕುಯ್ಸಿ. ಕಿಟಕಿ ಮಾತ್ರ ಒಸಿ ದೊಡ್ಡದಾಗೇ ಇಡ್ಸಿ."