ಕುಲಸುಮಬಿಯ ಮಿಷಿನು ಊರು ತಿರುಗಿದ್ದು

ಸರ್ಕಾರಕ್ಕೆ ಒಮ್ಮೊಮ್ಮೆ ಒಳ್ಳೆಯ ಬುದ್ಧಿ ಬರುತ್ತದೆ. ಬಂದಾಗ ಬಡವರು ಸ್ವಲ್ಪ ಹುಷಾರಾಗಿರಬೇಕು. ಎಂಬತ್ತರ ದಶಕದ ಶುರುವಿನಲ್ಲಿ ಬಂದ ಬುದ್ಧಿಯ ಹೆಸರು ಸ್ವಯಂ ಉದ್ಯೋಗ. ಎಲ್ಲರಿಗೂ ನೌಕರಿ ಕೊಡಲಾಗದು, ಅದರ ಬದಲು ಎಲ್ಲರಿಗೂ ಕಸುಬು ಕಲಿಸೋಣ ಎಂದು ದಿಲ್ಲಿಯಲ್ಲಿ ತೀರ್ಮಾನವಾಯಿತು. ಆ ತೀರ್ಮಾನ ಗುಲ್ಬರ್ಗಕ್ಕೆ ಇಳಿದು, ಜೇವರ್ಗಿಗೆ ಬಂದು, ಇಜೇರಿಯಾಚೆಯ ಒಂದು ಹಳ್ಳಿಯ ಚಾವಡಿ ಮುಟ್ಟುವ ಹೊತ್ತಿಗೆ ಹೊಲಿಗೆ ತರಬೇತಿಯಾಗಿತ್ತು. ಹನ್ನೆರಡು ಮಂದಿ ಹೆಣ್ಣುಮಕ್ಕಳು ಕಲಿತರು. ಕೊನೆಗೆ ತಲೆಗೊಂದು ಕೈಮಿಷಿನು ಸಿಕ್ಕಿತು.

ಅಷ್ಟೂ ಮಿಷಿನು ಓಡಿದ್ದರೆ ಆ ಊರಿನ ಎಮ್ಮೆಗಳಿಗೂ ಅಂಗಿ ಹೊಲಿಯಬೇಕಾಗುತ್ತಿತ್ತು. ಪುಣ್ಯಕ್ಕೆ ಓಡಲಿಲ್ಲ. ಹೊಳೆಯುವ ಕರಿ ಮಿಷಿನು ಮನೆಗೆ ಬಂದದ್ದೇ ತಡ, ಬೀಗರ ಕಣ್ಣು ಅದರ ಮೇಲೆ ಬಿತ್ತು. ವರ್ಷದೊಳಗೆ ಒಂದೊಂದೇ ಮಿಷಿನು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮದುಮಗಳ ಜೊತೆ ಗಾಡಿ ಹತ್ತಿ ಹೋಯಿತು. ಮಲ್ಕಮ್ಮನ ಮಿಷಿನು ಅವಳ ಮಗಳು ಶಿವಕಾಂತಾಳ ಹಿಂದೆ ಅಫಜಲಪುರದ ಕಡೆಗೆ ಹೋಯಿತು. ಅದನ್ನು ಕೊಟ್ಟ ಮೇಲೆಯೇ ಅಳಿಯ ತಾಳಿ ಕಟ್ಟಿದ್ದು.

ಊರಲ್ಲಿ ಉಳಿದದ್ದು, ದಿನಾ ಓಡುತ್ತಿದ್ದದ್ದು ಕುಲಸುಮಬಿಯ ಮಿಷಿನು ಒಂದೇ. ಗಂಡ ಸೊಲ್ಲಾಪುರದ ಗಿರಣಿಗೆಂದು ಹೋದವನು ಅಲ್ಲೇ ಇನ್ನೊಂದು ಮದುವೆಯಾಗಿ ಕೂತ ಮೇಲೆ ಅವಳು ಅಣ್ಣ ಖಾದರಸಾಬನ ಮನೆ ಸೇರಿದ್ದಳು. ಅಣ್ಣ ಮೆತ್ತಗಿನ ಮನುಷ್ಯ. ಅತ್ತಿಗೆ ಸರ್ವರಬೇಗಂ ಊಟಕ್ಕೆ ಕಡಿಮೆ ಮಾಡಿದವಳಲ್ಲ, ಆದರೆ ತಟ್ಟೆ ಇಡುವಾಗ ಒಂದು ನಿಟ್ಟುಸಿರನ್ನೂ ಜೊತೆಗೆ ಬಡಿಸುತ್ತಿದ್ದಳು. ಜೋಳದ ಚೀಲಗಳ ನಡುವೆ ಹಾಸಿಕೊಂಡು ಮಲಗುವ ಕುಲಸುಮಬಿಗೆ ಆ ಮನೆಯಿಂದ ಹೊರಬೀಳುವುದೊಂದೇ ಆಸೆ. ದಾರಿಯೂ ಕಂಡಿತ್ತು. ಜೇವರ್ಗಿಯಲ್ಲಿ ಹೊಸ ಹೊಲಿಗೆ ಕೇಂದ್ರ ತೆರೆಯುತ್ತಾರೆ, ಕಲಿತವರಲ್ಲೇ ಒಬ್ಬಳನ್ನು ಕಲಿಸಲು ತೆಗೆದುಕೊಳ್ಳುತ್ತಾರೆ, ಇರಲು ಒಂದು ಕೋಣೆಯೂ ಉಂಟು ಎಂದು ಗ್ರಾಮಸೇವಕ ಶಾಂತಲಿಂಗಪ್ಪ ಹೇಳಿದ್ದ. ಅವನು ಮೇಲಿನವರ ಹತ್ತಿರ ಅವಳ ಹೆಸರನ್ನು ಹೋದಲ್ಲಿ ಬಂದಲ್ಲಿ ಹೊಗಳಿಯೂ ಇದ್ದ.

ಆ ಶಾಂತಲಿಂಗಪ್ಪನೇ ಒಂದು ಸಂಜೆ ಬೆವರು ಒರೆಸಿಕೊಳ್ಳುತ್ತ ಬಂದು ಖಾದರಸಾಬನ ಮನೆಯ ಕಟ್ಟೆಯ ಮೇಲೆ ಕುಸಿದ. ಅವನ ಹಿಂದೆ ಮಲ್ಕಮ್ಮ, ಗಂಗಾಬಾಯಿ, ಮಿಷಿನು ಬೀಗರಿಗೆ ಕೊಟ್ಟು ಕೂತ ಇನ್ನೂ ನಾಲ್ಕಾರು ಮಂದಿ.

"ತಂಗಿ, ನಾಳಿ ಜಿಲ್ಲಾದಿಂದ ಸಾಹೇಬ್ರು ಬರ್ತಾರ. ಮನಿಮನಿಗಿ ಹೋಗಿ ಮಿಷಿನ್ ನೋಡ್ತಾರಂತ."

"ನೋಡ್ಲಿ ಬಿಡ್ರಿ. ನಂದು ಇಲ್ಲೇ ಅದ."

"ನಿಂದು ಅದ. ಉಳದವ್ರದು?"

ಮಲ್ಕಮ್ಮ ಮುಂದೆ ಬಂದಳು. "ಮಿಷಿನ್ ಇಲ್ಲಂತ ಗೊತ್ತಾದ್ರ ಅಳಿಯನ ಮನಿಗಿ ಹೋಗಿ ಎತಗೊಂಡು ಬರ್ತಾರಂತ. ಮಿಷಿನ್ ಬಂದ ಮರುದಿನ ನನ್ನ ಮಗಳೂ ಬರ್ತಾಳ ನೋಡು ಕುಲಸುಮಾ, ಗಂಟು ಹೊತಗೊಂಡು."

ಶಾಂತಲಿಂಗಪ್ಪನ ಉಪಾಯ ಸರಳವಾಗಿತ್ತು. ಸಾಹೇಬರು ಮುಂದಿನ ಓಣಿಯಿಂದ ಬರುವಾಗ ಕುಲಸುಮಬಿಯ ಮಿಷಿನು ಹಿತ್ತಲ ಓಣಿಯಿಂದ ಮುಂದಿನ ಮನೆಗೆ ಹೋಗಬೇಕು. ಪ್ರತಿ ಮನೆಯಲ್ಲೂ ಅವರಿಗೆ ಚಹಾ ಕುಡಿಸಿ ತಡೆಯುವುದು ತನ್ನ ಜವಾಬ್ದಾರಿ. ಮಸೂತಿಯ ಪಕ್ಕದ ಖಾದರಸಾಬನ ಮನೆ ಎಲ್ಲಕ್ಕಿಂತ ಕೊನೆಗೆ, ಅಷ್ಟರೊಳಗೆ ಮಿಷಿನು ವಾಪಸು. "ಊರಾಗ ಮಿಷಿನ್ ಇಲ್ಲಂತ ಬರದ್ರ ಕಲಿಸೋ ನೌಕರಿನೂ ಬ್ಯಾರೆ ಊರವ್ರಿಗಿ ಹೋಗ್ತದ, ತಂಗಿ," ಎಂದೂ ಸೇರಿಸಿದ.

ಕೊಡದಿದ್ದರೆ ಕೆಲಸ ಹೋಗುತ್ತದೆ, ಓಣಿಯ ಹೆಂಗಸರ ಕಣ್ಣೀರೂ ತಗಲುತ್ತದೆ. ಕುಲಸುಮಬಿ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಕಲಿತದ್ದನ್ನು ಮರೆತು ಕೂತ ಆ ಹೆಂಗಸರಿಗೆ ಸಾಹೇಬರು ಏನು ಕೇಳಿದರೆ ಏನು ಹೇಳಬೇಕೆಂದು ಪಾಠ ಮಾಡಿದಳು. ಎಲ್ಲರಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದವಳು ಮಲ್ಕಮ್ಮ. ಮಗಳ ಸಂಸಾರದ ಭಯ ಬುದ್ಧಿಯನ್ನು ಚುರುಕು ಮಾಡಿತ್ತು.

ಮರುದಿನ ಮಲ್ಕಮ್ಮನ ಗಂಡ ಹುಲೆಪ್ಪ ಮಿಷಿನನ್ನು ಬುಟ್ಟಿಯಲ್ಲಿಟ್ಟು, ಮೇಲೆ ಸಗಣಿಯ ಕುಳ್ಳು ಮುಚ್ಚಿ ತಲೆಯ ಮೇಲೆ ಹೊತ್ತ. ಗಂಗಾಬಾಯಿಯ ಮನೆಯಲ್ಲಿ ಅದಕ್ಕೊಂದು ಹೂವಿನ ಬಟ್ಟೆ ಹೊದಿಸಿದರು. ಮುಂದಿನ ಮನೆಯಲ್ಲಿ ಬಟ್ಟೆ ತೆಗೆದು ಹೂ ಏರಿಸಿದರು. ಮಲ್ಕಮ್ಮನ ಮನೆಯಲ್ಲಿ ಅಂಗೈಯಗಲ ವಿಭೂತಿ ಬಳಿದರು. ಸಾಹೇಬರು ಮೈಸೂರು ಕಡೆಯವರು, ಬಿಸಿಲಿಗೆ ಬಾಡಿದ್ದರು, ಗುರುತು ಹಿಡಿಯಲಿಲ್ಲ. ಮಲ್ಕಮ್ಮ ಹಿಡಿ ತಿರುಗಿಸುತ್ತ ಸೂಜಿ, ಬಾಬಿನು, ಕುಪ್ಪಸದ ಅಳತೆ ಎಂದು ಪಟಪಟನೆ ಮಾತಾಡಿದ್ದಕ್ಕೆ ಬಹಳ ಮೆಚ್ಚಿಕೊಂಡರು.

ಹೊರಗೆ ಬಂದು ನಿಂತವರೇ ಶಾಂತಲಿಂಗಪ್ಪನನ್ನು ಕೇಳಿದರು. "ನೀವು ಒಬ್ಬಳನ್ನ ತುಂಬ ಹೊಗಳ್ತಿದ್ರಲ್ಲ, ಮಸೀದಿ ಪಕ್ಕದ ಮನೆಯವಳು. ಈಗಲೇ ಅಲ್ಲಿಗೆ ಹೋಗೋಣ. ಬಿಸಿಲು ಜಾಸ್ತಿ ಆಗ್ತಿದೆ, ಉಳಿದವರನ್ನ ಆಮೇಲೆ ನೋಡಿದರಾಯ್ತು."

ಶಾಂತಲಿಂಗಪ್ಪ ಚಹಾದ ಮಾತೆತ್ತಿದ. ಇನ್ನೊಂದು ಚಹಾ ಕುಡಿದರೆ ಹೊಟ್ಟೆ ಒಡೆಯುತ್ತದೆ ಎಂದು ಸಾಹೇಬರು ನಡೆದೇಬಿಟ್ಟರು.

ಕುಲಸುಮಬಿ ಬಾಗಿಲಲ್ಲೇ ನಿಂತಿದ್ದಳು. ಸಾಹೇಬರ ಬಿಳಿ ಟೊಪ್ಪಿಗೆ ಓಣಿಯ ತಿರುವಿನಲ್ಲಿ ಕಂಡಾಗ ಅವಳು ತಿರುಗಿ ಒಳಗೆ ನೋಡಿದಳು. ಪಡಸಾಲೆಯಲ್ಲಿ ಕತ್ತರಿಸಿದ ಬಟ್ಟೆಯಿತ್ತು, ದಾರವಿತ್ತು, ಕತ್ತರಿಯಿತ್ತು. ಮಿಷಿನು ಇಡುವ ಜಾಗ ಮಾತ್ರ ಬರಿದಾಗಿತ್ತು.

"ಎಲ್ಲಮ್ಮ ಮಿಷಿನು?"

"ರಿಪೇರಿಗಿ ಹೋಗ್ಯಾದ್ರಿ," ಎಂದು ಶಾಂತಲಿಂಗಪ್ಪ ನಡುವೆ ಬಾಯಿ ಹಾಕಿದ.

"ಹಿಂದಿನ ಊರಲ್ಲೂ ಎಲ್ಲ ರಿಪೇರಿಗೇ ಹೋಗಿದ್ವು," ಸಾಹೇಬರು ನಕ್ಕರು. "ಯಾವ ಅಂಗಡಿ ಹೇಳಮ್ಮ. ಜೀಪು ಹೇಗೂ ಜೇವರ್ಗಿ ಮೇಲೇ ಹೋಗ್ತದೆ, ನೋಡಿಕೊಂಡೇ ಹೋಗ್ತೀನಿ."

ಅವರ ಬೆನ್ನ ಹಿಂದೆ ಮಲ್ಕಮ್ಮ ಓಡಿ ಬಂದು ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲೇ ಕೈಮುಗಿಯುತ್ತಿದ್ದಳು. ನನ್ನ ಮಿಷಿನು ಈ ಹೆಂಗಸಿನ ಮನೆಯಲ್ಲಿದೆ ಎಂಬ ಒಂದು ಮಾತು ಸಾಕಿತ್ತು. ಆ ಮಾತು ಕುಲಸುಮಬಿಯ ಗಂಟಲವರೆಗೆ ಬಂತು. ಗಂಡನ ಮನೆಯಿಂದ ಗಂಟು ಹೊತ್ತು ಬರುವುದು ಎಂದರೇನೆಂದು ಆ ಓಣಿಯಲ್ಲಿ ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ.

"ಮಾರಿಬಿಟ್ಟೀನ್ರಿ," ಎಂದಳು.

ಸಾಹೇಬರಿಗೆ ಸಿಟ್ಟಿಗಿಂತ ಬೇಸರವೇ ಹೆಚ್ಚಾಯಿತು. "ಇಂಥವರಿಂದಲೇ ನೋಡಿ ಯೋಜನೆ ಹಾಳಾಗೋದು," ಎಂದು ಶಾಂತಲಿಂಗಪ್ಪನಿಗೆ ಹೇಳಿ ಜೀಪು ಹತ್ತಿದರು. ಆ ಬೇಸರದಲ್ಲಿ ಉಳಿದ ಮನೆಗಳನ್ನು ನೋಡಲೇ ಇಲ್ಲ. ಇವಳದೊಂದು ಬಿಟ್ಟು ಎಲ್ಲ ಸರಿಯಿದೆ ಎಂದು ಬರೆದುಕೊಂಡರು. ಊರಿಗೆ ಊರೇ ಪಾರಾಯಿತು.

ಸಂಜೆ ಮಿಷಿನು ವಿಭೂತಿಯ ಸಮೇತ ಮನೆಗೆ ಬಂತು. ಆದರೆ ಮಾರಿದ ಮಿಷಿನನ್ನು ಪಡಸಾಲೆಯಲ್ಲಿ ಇಟ್ಟು ಹೊಲಿಯುವುದು ಹೇಗೆ? ಜೋಳದ ಚೀಲಗಳ ಹಿಂದೆ ಸೇರಿತು. ಯಾರಾದರೂ ಕೆಮ್ಮಿದರೂ ಕುಲಸುಮಬಿ ಹಿಡಿಯಿಂದ ಕೈ ತೆಗೆಯುತ್ತಿದ್ದಳು. ಹೊಲಿಸಿಕೊಳ್ಳಲು ಬರುವವರೂ ಕಡಿಮೆಯಾದರು. ಸರ್ವರಬೇಗಂ ನಿಟ್ಟುಸಿರಿನ ಜೊತೆ ಮಾತನ್ನೂ ಬಡಿಸತೊಡಗಿದಳು.

ಮಳೆಗಾಲದ ಹೊತ್ತಿಗೆ ಕೇಂದ್ರಕ್ಕೆ ಕಲಿಸುವವಳು ಯಾರೆಂದು ತಿಳಿಯಿತು. ಸುದ್ದಿ ತಂದವಳು ಮಲ್ಕಮ್ಮನೇ. ಒಳಗೆ ಬಂದು ಚೀಲಕ್ಕೆ ಒರಗಿ ಕೂತು, ಬಹಳ ಹೊತ್ತು ಅತ್ತಳು.

"ಸಾಹೇಬ್ರು ನನ್ನ ಹೆಸರೇ ಬರದಾರಂತ, ಕುಲಸುಮಾ. ಸೂಜಿಗಿ ದಾರ ಹಾಕೂದೂ ಮರತೀನಿ ನಾ. ಒಲ್ಲೆ ಅಂತ ಹೇಳ್ತೇನಿ."

ಕುಲಸುಮಬಿಗೂ ಹಾಗೇ ಅನಿಸಿತು. ಹೇಳು, ಈಗಲೇ ಹೋಗಿ ಹೇಳು ಎಂದು ಕೂಗಬೇಕೆನಿಸಿತು.

"ಒಲ್ಲೆ ಅಂದ್ರ ಯಾಕಂತ ಕೇಳ್ತಾರ, ಮಲ್ಕಮ್ಮಕ್ಕಾ," ಎಂದಳು ಕೊನೆಗೆ. "ಹೊಲಿಯೂದು ಬರಂಗಿಲ್ಲ ಅಂತೀ. ಹಂಗಾರ ಮಿಷಿನ್ ತೋರ್ಸು ಅಂತಾರ. ಆಗೇನ್ ಮಾಡ್ತಿ?"

ಕುಲಸುಮಬಿ ಎದ್ದು ಬಾಗಿಲು ಮುಂದೆ ಮಾಡಿ, ಚೀಲ ಸರಿಸಿ ಮಿಷಿನನ್ನು ಎಳೆದಳು. ಜೇವರ್ಗಿಯ ಹುಡುಗಿಯರೆದುರು ನಿಂತು ಹೇಳಬೇಕೆಂದು ಮನಸ್ಸಿನಲ್ಲೇ ಎಷ್ಟೋ ಸಲ ಜೋಡಿಸಿಟ್ಟುಕೊಂಡಿದ್ದ ಮೊದಲ ಪಾಠ ಅವಳ ಹತ್ತಿರವಿತ್ತು. ಅದನ್ನೇ ಮಲ್ಕಮ್ಮನಿಗೆ, ಹೊರಗೆ ಕೇಳದಂತೆ, ಮೆಲ್ಲಗೆ ಹೇಳಿಕೊಡತೊಡಗಿದಳು.