ಸೆರಾಫಿನ್ ಬಾಯಿಯ ಕಿತ್ತಳೆ

ಕಬಕದ ದೇವಕಿಯಮ್ಮನ ಮಡಿಗೆ ಮೂಗು ದೊಡ್ಡದು. ಮರ್ಕಂಜದ ನೆಂಟ ಕೃಷ್ಣಮೋಹನ ಪುತ್ತೂರಿನ ಯಾವುದೋ ಹೋಟೆಲಿನಲ್ಲಿ ಒಂದು ಚಾ ಕುಡಿದು ಬಂದದ್ದನ್ನು ಜಗಲಿಯಲ್ಲೇ ಪತ್ತೆ ಹಚ್ಚಿ, ಪಂಚಗವ್ಯ ಕುಡಿಸಿದ ಮೇಲೆಯೇ ಅವನಿಗೆ ಎಲೆ ಹಾಕಿದವರು ಅವರು. ಅಂಥವರ ಸೊಸೆ ಗೋದಾವರಿ ವರ್ಷಕ್ಕೊಮ್ಮೆ ದನದ ಹಟ್ಟಿಯ ಹಿಂದೆ ನಿಂತು ಕ್ರಿಸ್ಮಸ್ಸಿನ ನೇವರಿ ತಿನ್ನುತ್ತಿದ್ದಳು ಎಂದರೆ ಅವಳ ಧೈರ್ಯವನ್ನು ಮೆಚ್ಚಬೇಕು. ಇಲ್ಲವೇ ನೇವರಿಯ ರುಚಿಯನ್ನು.

ನೇವರಿ ಬರುತ್ತಿದ್ದದ್ದು ಬೇಲಿಯಾಚೆಯ ಸೆರಾಫಿನ್ ಬಾಯಿಯ ಮನೆಯಿಂದ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಊರ ಹೆಂಗಸರ ರವಕೆ ಹೊಲಿದು ಬದುಕುತ್ತಿದ್ದಳು. ಕೈಯಲ್ಲಿ ದುಡ್ಡು ಓಡಾಡದಿದ್ದರೂ ಹಬ್ಬಕ್ಕೆ ಅವಳ ಕೈ ಬಿಗಿಯಾದದ್ದಿಲ್ಲ. ಹಿತ್ತಿಲ ತೆಂಗಿನಕಾಯಿ, ಒಂದಿಷ್ಟು ಎಳ್ಳು, ಬೆಲ್ಲ; ಇಷ್ಟನ್ನು ಹೂರಣ ಮಾಡಿ, ಹಿಟ್ಟಿನೊಳಗೆ ಮಡಚಿ ಕರಿದರೆ ತಟ್ಟೆ ತುಂಬ ನೇವರಿ. ಅದರ ಮೇಲೆ ಹೊಲಿಗೆಯಲ್ಲಿ ಉಳಿದ ತುಂಡುಬಟ್ಟೆಗಳನ್ನು ಜೋಡಿಸಿ ಮಾಡಿದ ಒಂದು ಮುಸುಕು. ಗೋದಾವರಿ ಆ ತುಂಡುಗಳಲ್ಲಿ ತನ್ನ ರವಕೆಯ ಬಣ್ಣ ಹುಡುಕುತ್ತಿದ್ದಳು. ಅದು ಇದ್ದೇ ಇರುತ್ತಿತ್ತು. ದುಡ್ಡು ಸುರಿದರೂ ಯಾವ ಅಂಗಡಿಯವನೂ ಇಂಥದ್ದನ್ನು ಕಟ್ಟಿಕೊಡುವುದಿಲ್ಲ.

ದೇವಕಿಯಮ್ಮ "ಬನ್ನಿ ಬಾಯಮ್ಮ, ಕೂತ್ಕೊಳ್ಳಿ" ಎಂದು ನಗುತ್ತಲೇ ತಟ್ಟೆಯನ್ನು ಜಗಲಿಯಲ್ಲಿ ಇಡಿಸುತ್ತಿದ್ದರು. ಬಾಯಿ ಅಂಗಳ ದಾಟಿದ ಮೇಲೂ ತಟ್ಟೆ ಹೊಸ್ತಿಲು ದಾಟುತ್ತಿರಲಿಲ್ಲ. ಆಳುಗಳಿಗೆ ಕೊಟ್ಟುಬಿಡು ಎಂದು ಸೊಸೆಗೆ ಅಪ್ಪಣೆಯಾಗುತ್ತಿತ್ತು. ಗೋದಾವರಿ ಕೊಡುತ್ತಿದ್ದಳು, ಸೆರಗಿನೊಳಗೆ ತನ್ನ ಪಾಲು ಉಳಿಸಿಕೊಂಡು. ಬಂದ ತಟ್ಟೆಯನ್ನು ಖಾಲಿ ಕಳಿಸಬಾರದು ಎಂಬುದು ಎರಡೂ ಮನೆಯವರು ಒಪ್ಪಿದ ಶಾಸ್ತ್ರ. ಹಾಗಾಗಿ ಮಾರನೆ ದಿನ ಅದರಲ್ಲಿ ಇವರ ಹೋಳಿಗೆ ಹೋಗುತ್ತಿತ್ತು. ಸೆರಾಫಿನ್ ಬಾಯಿ ಅದನ್ನು ನಿಂತಲ್ಲೇ ಮುರಿದು ತಿನ್ನುತ್ತಿದ್ದಳು.

ಆ ವರ್ಷದ ಕ್ರಿಸ್ಮಸ್ಸಿಗೆ ಅವಳು ಪುತ್ತೂರಿನ ಇಗರ್ಜಿಯಿಂದ ಬಸ್ಸಿಳಿದವಳೇ ತಟ್ಟೆ ತಂದಳು. ಮೇಲೆ ಮುಸುಕಿರಲಿಲ್ಲ. ಕೊಡಗಿನ ಕಿತ್ತಳೆ, ಕಲ್ಲುಸಕ್ಕರೆ, ಒಣದ್ರಾಕ್ಷಿ, ಊದುಬತ್ತಿ. ಎಲ್ಲವೂ ಅಂಗಡಿಯದು.

"ಇಷ್ಟೆಲ್ಲ ಎಂತಕ್ಕೆ ಬಾಯಮ್ಮ? ಸುಮ್ಮನೆ ಖರ್ಚು" ಎಂದಳು ಗೋದಾವರಿ.

"ಇದಾದ್ರೆ ನಿಮಗೆ ಒಳಗೆ ಕೊಂಡೋಗ್ಲಿಕ್ಕೆ ಆಗ್ತದಲ್ಲ."

ಬಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಗೋದಾವರಿಯ ಮುಖ ನೋಡದೆಯೇ ಅವಳು ಹೊರಟುಹೋದಳು.

ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಆಳು ತ್ಯಾಂಪಣ್ಣ ತಲೆ ಕೆರೆದುಕೊಂಡ. "ನಾನೇ ಹೇಳಿದ್ದು ಅಕ್ಕ. ಹೆಂಡತಿಯ ರವಕೆ ತರ್ಲಿಕ್ಕೆ ಹೋದಾಗ. ನಿಮ್ಮ ನೇವರಿ ಭಾರೀ ಲಾಯ್ಕ ಬಾಯಮ್ಮ, ವರ್ಷ ವರ್ಷ ಎಲ್ಲಾ ನಮಗೇ ಸಿಗುದು ಅಂತ. ಹೊಗಳಿದ್ದು ಮಾರಾಯ್ರೆ!"

ದೇವಕಿಯಮ್ಮನಿಗೆ ಪರಮ ಸಂತೋಷ. ಕಿತ್ತಳೆ ನೆಟ್ಟಗೆ ದೇವರ ಕೋಣೆಗೆ ಹೋಯಿತು. "ಅಂತೂ ಬಾಯಿಗೆ ನಮ್ಮ ಕ್ರಮ ಗೊತ್ತಾಯಿತು. ಯಜ್ಞೇಶ್ವರಾ, ಪೇಟೆಯಿಂದ ಒಂದು ಡಬ್ಬಿ ಒಳ್ಳೆ ಬಿಸ್ಕೀಟು ತಾ. ಅವಳದಕ್ಕಿಂತ ನಮ್ಮದು ಕಮ್ಮಿಯಾಗ್ಬಾರ್ದು." ಗೋದಾವರಿಯ ಗಂಡ ಯಜ್ಞೇಶ್ವರ, ಅಮ್ಮ ಹಾಕಿದ ಗೆರೆ ದಾಟದ ಮಗ. ಎರಡು ಡಬ್ಬಿ ತರುತ್ತೇನೆಂದು ಸೈಕಲ್ ಹತ್ತಿದ.

ನಾನು ತಿಂದಿದ್ದೇನೆ ಬಾಯಮ್ಮ, ಪ್ರತಿವರ್ಷ ತಿಂದಿದ್ದೇನೆ ಎಂದು ಗೋದಾವರಿ ಅಂಗಳದಲ್ಲೇ ಕೂಗಿ ಹೇಳಬಹುದಿತ್ತು. ಹೇಳಿದರೆ ಈ ಮನೆಯ ಒಲೆಯ ಹತ್ತಿರ ಅವಳನ್ನು ಬಿಡುವವರಿಲ್ಲ. ಸುದ್ದಿ ತವರಿಗೂ ಮುಟ್ಟೀತು. ಹೇಳದಿದ್ದರೆ ಇನ್ನು ಪ್ರತಿವರ್ಷ ಕಿತ್ತಳೆಯೂ ಬಿಸ್ಕೀಟೂ ಬೇಲಿ ದಾಟುತ್ತಿರುತ್ತವೆ, ಸೆರಾಫಿನ್ ಬಾಯಿ ಮಾತ್ರ ಮೊದಲಿನ ಹಾಗೆ ಬರುವುದಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಲು ಅವಳಿಗೆ ಈ ಊರಿನಲ್ಲಿದ್ದ ಒಂದೇ ಜೀವ ಅದು. ಅತ್ತೆ ಸ್ನಾನಕ್ಕೆ ಹೋದ ಹೊತ್ತಿಗೆ ಅವಳು ಖಾಲಿ ತಟ್ಟೆ ಹಿಡಿದು ಬೇಲಿಯ ತಡಮೆ ದಾಟಿದಳು.

ಸೆರಾಫಿನ್ ಬಾಯಿ ಹೊಲಿಗೆ ಮೆಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಖಾಲಿ ತಟ್ಟೆ ಕಂಡು ಅವಳ ಮುಖ ಬಿಳಿಚಿತು.

"ಖಾಲಿ ತಂದಿರಾ?"

"ತುಂಬಿಸ್ಕೊಂಡು ಹೋಗ್ಲಿಕ್ಕೆ ಬಂದದ್ದು. ನನ್ನ ನೇವರಿ ಎಲ್ಲಿ ಬಾಯಮ್ಮ? ಅದನ್ನು ನಾನು ತಿಂತಿದ್ದೆ. ಹಟ್ಟಿಯ ಹಿಂದೆ ಕದ್ದು ತಿಂತಿದ್ದೆ." ಹೇಳುವಾಗ ಗೋದಾವರಿಗೆ ಅಳು ಬಂತು.

"ಈ ಸಲ ಮಾಡ್ಲಿಲ್ಲ ಗೋದಾವರಿಯಮ್ಮ" ಎಂದಳು ಬಾಯಿ. "ನಾನೊಬ್ಬಳು. ನಿಮ್ಮ ಮನೆಗೆ ಅಂತಲೇ ಮಾಡ್ತಿದ್ದದ್ದು. ಇನ್ನು ಯಾರಿಗೆ ಮಾಡುದು?"

ಅಡುಗೆಮನೆಯ ಒಲೆ ತಣ್ಣಗಿತ್ತು. ಹಬ್ಬದ ದಿನ ಆ ಮನೆಯಲ್ಲಿ ಎಣ್ಣೆಯ ಪರಿಮಳವೇ ಇಲ್ಲ ಎಂಬುದು ಗೋದಾವರಿಗೆ ಆಗಷ್ಟೇ ತಿಳಿಯಿತು.

"ಮತ್ತೆ ಊಟಕ್ಕೆ ಎಂತ ಉಂಟು?"

"ಗಂಜಿ ಉಂಟು. ನೀವೇ ಕೊಟ್ಟ ಮಿಡಿ ಉಪ್ಪಿನಕಾಯಿ ಉಂಟು."

"ಬಡಿಸಿ."

"ಬೇಡ! ನಾಳೆ ನಿಮ್ಮನ್ನು ಒಲೆ ಮುಟ್ಲಿಕ್ಕೆ ಬಿಡುದಿಲ್ಲ. ನನ್ನಿಂದಾಗಿ ನಿಮ್ಮ ಸಂಸಾರ ಕೆಡುದು ಬೇಡ."

ಗೋದಾವರಿ ಆಗಲೇ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು. ತಂದ ತಟ್ಟೆಯನ್ನು ತನ್ನೆದುರೇ ಇಟ್ಟುಕೊಂಡಳು. ಬಾಯಿ ಗಂಜಿ ಬಡಿಸಿದಳು. ಅವಳ ಸೌಟು ತಟ್ಟೆಯ ಅಂಚಿಗೆ ಕಟಕಟ ತಾಗುತ್ತಿತ್ತು. ಗೋದಾವರಿ ಉಣ್ಣತೊಡಗಿದಳು.

ಬೇಲಿಯ ಹತ್ತಿರದಿಂದ ದೇವಕಿಯಮ್ಮನ ಸ್ವರ ಕೇಳಿಸಿತು. "ಗೋದಾವರೀ! ತಟ್ಟೆ ಎಲ್ಲಿಗೆ ಕೊಂಡೋದದ್ದು? ಇಲ್ಲಿ ಬಿಸ್ಕೀಟು ಬಂತು!"

ಬಾಯಿ ಬಾಗಿಲು ಮುಚ್ಚಲು ಧಾವಿಸಿದಳು. "ಹಿಂದಿನ ಬಾಗಿಲಿನಿಂದ ಹೋಗಿ, ನಾನು ಯಾರಿಗೂ ಹೇಳುದಿಲ್ಲ" ಎಂದು ಪಿಸುಗುಟ್ಟಿದಳು.

"ಬಾಗಿಲು ಹಾಕ್ಬೇಡಿ" ಎಂದ ಗೋದಾವರಿ, ಬೇಲಿಗೆ ಮುಟ್ಟುವಷ್ಟು ಸ್ವರ ಏರಿಸಿದಳು. "ಇಲ್ಲಿ ಬಾಯಮ್ಮನ ಮನೆಯಲ್ಲಿ ಊಟ ಮಾಡ್ತಾ ಇದ್ದೇನೆ ಅತ್ತೆ."

ಆಮೇಲೆ ಗೋದಾವರಿ ತಟ್ಟೆಯನ್ನು ಸೆರಾಫಿನ್ ಬಾಯಿಯತ್ತ ಸರಿಸಿ, "ಇನ್ನೊಂದು ಸೌಟು ಹಾಕಿ" ಎಂದಳು.