ಅಮಾವಾಸ್ಯೆಯ ಛುಟ್ಟಿ

ಗದ್ದಲವೇ ಇಲ್ಲ, ಬಿಸಿಲು ಅಂಗಳಕ್ಕೆ ಇಳಿದರೂ ಕೊಟ್ಟಿಗೆಯಲ್ಲಿ ಎತ್ತು ಹೂಡುವ ಗದ್ದಲವಿಲ್ಲ — ಹೌದಲ್ಲ, ಇವತ್ತು ಅಮಾವಾಸ್ಯೆ, ಎತ್ತಿಗೆ ಬಿಡುವು, ನೊಗ ಗೋಡೆಗೆ ಒರಗಿದೆ, ಎತ್ತುಗಳು ಬರಿ ಕೊರಳಲ್ಲಿ ನಿಂತು ಮೆಲುಕು ಹಾಕುತ್ತಿವೆ, ಪುಣ್ಯವಂತರು, ತಾಂಡೂರಿನ ಈ ಪಟೇಲರ ಮನೆಯಲ್ಲಿ ದುಡಿಯುವುದಾದರೆ ಎತ್ತಾಗಿ ದುಡಿಯಬೇಕು ಎಂದುಕೊಂಡಳು ಪೀರಮ್ಮ, ಚಾಚಿದ ಕಾಲುಗಳ ಮೇಲೆ ಪಟೇಲರ ಕೂಸು ತುಳಸಿರಾಮನನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತ. ಎಂಟು ತಿಂಗಳಿಂದ ತಿಕ್ಕಿದ ಬೆನ್ನು, ಒಂದೊಂದು ಎಲುಬೂ ಗೊತ್ತು, ತನ್ನೂರು ಯಾಲಾಲದಲ್ಲಿ ಕುರಿಹಟ್ಟಿಯ ಪಕ್ಕ ಅತ್ತೆಯ ಬಳಿ ಬಿಟ್ಟುಬಂದ ತನ್ನ ಎರಡೂವರೆ ವರ್ಷದ ಮಗಳ ಬೆನ್ನು ಈಗ ಎಷ್ಟು ಅಗಲವೋ ಗೊತ್ತಿಲ್ಲ. ಕೂಸು ನೋಡಿಕೊಳ್ಳಲು ಇಟ್ಟುಕೊಳ್ಳುವಾಗ ಮನೆಯೊಡತಿ ಶಾಂತಾಬಾಯಿ ಬಾಯಿ ತುಂಬ ಹೇಳಿದ್ದಳು, ಅಮಾಸಿಗೊಮ್ಮೆ ಊರಿಗೆ ಹೋಗಿ ಬಾ ಪೀರವ್ವ, ನಿನಗೂ ಕೂಸು ಅದ — ಆಮೇಲೆ ಒಂದು ಅಮಾವಾಸ್ಯೆಗೆ ಬೀಗರು ಬಂದರು, ಒಂದಕ್ಕೆ ಹುಡುಗನಿಗೆ ನೆಗಡಿ, ಒಂದಕ್ಕೆ ಹಲ್ಲು, ಕೂಸಿಗೆ ಅಮಾಸಿ ತಿಳೀತದೇನ, ಅನ್ನುತ್ತಾಳೆ ಶಾಂತಾಬಾಯಿ. ಕೆಟ್ಟವಳಲ್ಲ, ಅದೇ ಸಂಕಟ, ಕೂಲಿಯ ಜೋಳವನ್ನು ಸೇರು ತುಂಬಿ ಚೆಲ್ಲುವಂತೆ ಅಳೆದು ಕೊಡುತ್ತಾಳೆ, ಒಂದು ಕಾಳು ಹಿಡಿದವಳಲ್ಲ, ದಿನ ಮಾತ್ರ ಕೊಡಳು. ಎಂಟು ತಿಂಗಳಲ್ಲಿ ಒಂದೇ ಸಲ ಹೋದದ್ದು, ಮಗಳು ಅತ್ತೆ ಈಶಮ್ಮನ ಸೆರಗಿನ ಹಿಂದೆ ಅಡಗಿ, ಯಾರ ಈಕಿ, ಅಂದಳು, ಅತ್ತೆ ನಕ್ಕಳು, ನಿಮ್ಮವ್ವ ಅದಾಳ, ಹೋಗು — ಆ ಪುಟ್ಟ ಮುಷ್ಟಿ ಸೆರಗು ಬಿಡಲಿಲ್ಲ, ಬೆರಳು ಒಂದೊಂದಾಗಿ ಬಿಡಿಸಿ ಎತ್ತಿಕೊಂಡರೆ ಮೈಯೆಲ್ಲ ಸೆಟೆಸಿ ಚೀರಿತು.

ನೀರು ಹದವಾಗಿದೆ, ಹುಯ್ಯಬೇಕು, ಕೇಳಬೇಕು, ಇವತ್ತು ಕೇಳಲೇಬೇಕು, ಇನ್ನೊಂದು ಅಮಾವಾಸ್ಯೆ ಕಳೆದರೆ ಮಗಳಿಗೆ ತಾನು ಪೂರಾ ಹೊರಗಿನವಳು — ಆದರೆ ಆ ಶಬ್ದದ್ದೇ ಹೆದರಿಕೆ, ಛುಟ್ಟಿ, ಕಚೇರಿಯ ಮುನ್ಷಿ ಛುಟ್ಟಿ ಅಂದರೆ ಊರಿಗೆ ಹೋಗಿ ಹಬ್ಬ ಉಂಡು ಮರಳಿ ಬರುತ್ತಾನೆ, ಅಡಿಗೆಯ ಸಾಯಮ್ಮನಿಗೂ ಅದೇ ಶಬ್ದ, ಸಾಯವ್ವಂದು ಛುಟ್ಟಿ ಮಾಡೀನಿ, ಅಂದಿದ್ದಳು ಶಾಂತಾಬಾಯಿ ದಸರೆಯ ಮುಂದೆ, ಊರಿಗೆ ಹೋಗಿರಬೇಕೆಂದು ಪೀರಮ್ಮ ಅವಳ ಪಾಲಿನ ರೊಟ್ಟಿಯನ್ನು ಎರಡು ದಿನ ಮುಚ್ಚಿಟ್ಟಿದ್ದಳು, ಪೆದ್ದಿ, ಸಾಯಮ್ಮ ಬರಲೇ ಇಲ್ಲ, ಅವಳನ್ನು ಕೆಲಸದಿಂದಲೇ ಬಿಡಿಸಿದ್ದರು. ಮೈ ಒರೆಸುವ ಬಟ್ಟೆ ಹಿಡಿದು ಶಾಂತಾಬಾಯಿ ಬಂದು ನಿಂತಿದ್ದಾಳೆ, ಅವ್ವಾರ, ಇವತ್ತ ಅಮಾಸಿ ಅದರಿ, ಒಂದಿನ ಛುಟ್ಟಿ ಕೊಡ್ರಿ, ಮಗಳ ಮಾರಿ ನೋಡಿ ಬರ್ತೀನಿ — ಬಂದೇ ಬಿಟ್ಟಿತು ಬಾಯಿಂದ. ಶಾಂತಾಬಾಯಿಯ ಮುಖ ಬಿಗಿಯಿತು, ಇವತ್ತ ನಾರಾಯಣಖೇಡದ ಬೀಗರು ಬರ್ತಾರಂತ ಗೊತ್ತಿಲ್ಲೇನ ನಿನಗ? ಗೊತ್ತದರಿ. ಗೊತ್ತಿದ್ದೂ ಕೇಳ್ತಿ? ಕೇಳ್ತೀನ್ರಿ, ನೀವಾ ಮಾತ ಕೊಟ್ಟಿದ್ರಿ. ಈ ಮನೆಯಲ್ಲಿ ಇಷ್ಟು ಮಾತಾಡಿದ್ದು ಇದೇ ಮೊದಲು, ತಂಬಿಗೆಯ ನೀರನ್ನು ಕೂಸಿನ ಬೆನ್ನಿಗೆ ಹುಯ್ದಳು. ಆತು, ಛುಟ್ಟಿ, ಹೋಗು, ಅಂದಳು ಶಾಂತಾಬಾಯಿ.

ಯಾವ ಛುಟ್ಟಿ, ಮುನ್ಷಿಯದೋ ಸಾಯಮ್ಮನದೋ, ನಾಳೆ ಬರ್ಲೇನ್ರಿ ಎಂದು ಒಂದು ಮಾತು ಕೇಳಿದರೆ ತಿಳಿಯುತ್ತದೆ, ಬ್ಯಾಡ ಅಂದುಬಿಟ್ಟರೆ? ಆ ಜೋಳದ ಮೇಲೆ ಯಾಲಾಲದಲ್ಲಿ ನಾಲ್ಕು ಹೊಟ್ಟೆಗಳಿವೆ, ಕೇಳದೆ ಹೋದರೆ ಸಂಜೆಯವರೆಗಾದರೂ ಮಗಳನ್ನು ನಿಶ್ಚಿಂತೆಯಿಂದ ಎತ್ತಿಕೊಳ್ಳಬಹುದು, ಹೋಗುವುದಂತೂ ಹೋಗುವುದೇ — ಕೂಸನ್ನು ಒರೆಸಿ ಎತ್ತಿ ಹಿಡಿದಳು, ಇಲ್ಲಿ ತಾ, ಎಂದು ಕೈ ಚಾಚಿದಳು ಶಾಂತಾಬಾಯಿ, ಕೂಸು ಹೆತ್ತ ತಾಯಿಯನ್ನು ಕಂಡು ಮೈಯೆಲ್ಲ ಸೆಟೆಸಿ ಚೀರಿತು, ಒದ್ದೆ ಮುಷ್ಟಿಯಲ್ಲಿ ಪೀರಮ್ಮನ ಸೆರಗು, ಶಾಂತಾಬಾಯಿ ಎಳೆದರೂ ಬಿಡದು, ಬಿಡಸು, ನೀನಾ ಬಿಡಸು, ಅವಳ ದನಿ ಒಡೆದಿತ್ತು, ಪೀರಮ್ಮ ಕಿರುಬೆರಳು ಬಿಡಿಸಿದಳು, ಉಂಗುರದ ಬೆರಳು ಬಿಡಿಸಿದಳು, ನಡುಬೆರಳಿಗೆ ಬರುವಷ್ಟರಲ್ಲಿ ಕಿರುಬೆರಳು ಮತ್ತೆ ಮಡಚಿಕೊಂಡಿತ್ತು, ಮಗಳದೂ ಹೀಗೇ, ಅತ್ತೆಯ ಸೆರಗಿನಲ್ಲಿ ಹೀಗೇ, ಕಿರುಬೆರಳು, ಮತ್ತೆ ಕಿರುಬೆರಳು —